ಹಿಂದಿನ ಟೈರಿನ ಒಳ ಅಂಚು

ಟೈರು ನೋಡಲು ಯಾರೂ ಬಗ್ಗುವುದಿಲ್ಲ. ನಿಂತಲ್ಲಿಂದಲೇ ಕಾಲಲ್ಲಿ ಒಂದು ಒದ್ದು, "ಗಾಳಿ ಐತೆ ಬುಡು" ಅಂದು ಸೀಟು ಹತ್ತಿಬಿಡುತ್ತಾರೆ. ಅವತ್ತು ನನ್ನ ಅಂಗಡಿಗೆ ಬಂದ ಡ್ರೈವರನ ಗಾಡಿಯ ಹಿಂದಿನ ಟೈರುಗಳೂ ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇದ್ದವು. ನಾನು ಗುಂಡಿಗೆ ಇಳಿದು ಒಳ ಅಂಚಿನ ಮೇಲೆ ಬೆರಳು ಆಡಿಸಿದಾಗ ಟೈರಿನೊಳಗಿನ ತಂತಿ ಚುಚ್ಚಿ ರಕ್ತ ಬಂತು. ಹೊರ ಅಂಚಿನಲ್ಲಿ ಇನ್ನೂ ಅರ್ಧ ಆಯಸ್ಸು ಉಳಿದಿದ್ದ ಟೈರಿನ ಒಳ ಅಂಚಿನಲ್ಲಿ ರಬ್ಬರೇ ಇರಲಿಲ್ಲ.

"ಇದು ಎಷ್ಟನೇ ಜೊತೆ?" ಎಂದು ಗುಂಡಿಯಿಂದಲೇ ಕೇಳಿದೆ.

"ಮೂರ್ನೇದು ಕಣಕ್ಕ. ಒಂದೂವರೆ ವರ್ಸದಲ್ಲಿ ಮೂರು ಜೊತೆ ತಿಂದಾಕ್ಬುಡ್ತು."

ಬಟವಾಡಿಯಲ್ಲಿ ಹೈವೇ ಪಕ್ಕದ ಸರ್ವಿಸ್ ರೋಡಿನಲ್ಲಿ ನನ್ನ ವೀಲ್ ಅಲೈನ್‌ಮೆಂಟ್ ಅಂಗಡಿ. ಲಿಫ್ಟ್ ಇಲ್ಲ. ಉದ್ದನೆಯ ಗುಂಡಿ ಇದೆ, ಅದರ ಎರಡು ಬದಿಗೆ ಗಾಡಿಯ ಚಕ್ರ ನಿಲ್ಲುವ ಮಟ್ಟಸವಾದ ಕಟ್ಟೆ ಇದೆ, ಎದುರಿಗೆ ಕಂಪ್ಯೂಟರ್ ಇದೆ. ಹೊಸಬರು ಬಂದರೆ ನನ್ನನ್ನು ನೋಡಿ, "ಮೆಕ್ಯಾನಿಕ್ ಊಟಕ್ಕೆ ಹೋಗವ್ರಾ ಮೇಡಂ?" ಎಂದು ಕೇಳುವುದುಂಟು. "ಇಲ್ಲ, ನಿಮ್ಮ ಮುಂದೇನೇ ನಿಂತವ್ರೆ" ಎನ್ನುತ್ತೇನೆ. ಈ ಡ್ರೈವರ್ ಹಾಗೆ ಕೇಳಲಿಲ್ಲ. ಹಣೆಗೆ ಅಚ್ಚುಕಟ್ಟಾಗಿ ವಿಭೂತಿ ಇಟ್ಟುಕೊಂಡು, ಗಾಡಿಯನ್ನು ಫಳಫಳ ತೊಳೆಸಿಕೊಂಡು ಬಂದಿದ್ದ. ಕೊಳೆ ಗಾಡಿಯನ್ನು ಇನ್ನೊಬ್ಬರ ಕೈಗೆ ಕೊಡಬಾರದು ಎನ್ನುವುದು ಅವನ ಮರ್ಯಾದೆ. ಮ್ಯಾಟು, ಸ್ಟೆಪ್ನಿ, ಹಿಂದೆ ಇಡುವ ಸಾಮಾನು ಎಲ್ಲವನ್ನೂ ಮನೆಯಲ್ಲಿ ಇಳಿಸಿ ಬಂದಿದ್ದ. ಎಲ್ಲ ಗಿರಾಕಿಗಳೂ ಹೀಗೇ ಇರಬಾರದೇ ಎಂದು ನಾನು ಮನಸ್ಸಿನಲ್ಲೇ ಹೊಗಳಿದೆ. ಆ ಮರ್ಯಾದೆಯೇ ನನ್ನನ್ನು ಮುಂದೆ ಚೆನ್ನಾಗಿ ಸತಾಯಿಸಿತು.

ಅವನದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಏಳು ಸೀಟಿನ ಗಾಡಿ. ದಿನಾ ಬೆಳಗ್ಗೆ ಬಟವಾಡಿಯಲ್ಲಿ ಆರು ಜನ ಶಿಕ್ಷಕರನ್ನು ಹತ್ತಿಸಿಕೊಂಡು, ಗುಬ್ಬಿ ದಾಟಿ, ಸಿ.ಎಸ್. ಪುರದ ಕಡೆಯ ಒಂದು ಶಾಲೆಗೆ ಬಿಟ್ಟು, ಅಲ್ಲೇ ಕಾದಿದ್ದು, ಸಂಜೆ ಕರೆದುಕೊಂಡು ಬರುವುದು. ಆ ಆರು ಜನ ಇಳಿದುಹೋದರೆ ಆ ಗಾಡಿಗೆ ಬೇರೆ ಕೆಲಸವೇ ಇಲ್ಲ. ಹಿಂದಿನ ವಾರ ಗುಬ್ಬಿಯಿಂದ ಸ್ವಲ್ಪ ಮುಂದೆ ಟೈರು ಒಡೆದು, ಎಲ್ಲರೂ ರಸ್ತೆ ಬದಿಯಲ್ಲಿ ನಿಂತು, ಪ್ರಾರ್ಥನೆ ಮುಗಿದ ಮೇಲೆ ಶಾಲೆ ಸೇರಿದ್ದರು. ಅವತ್ತು ಸಂಜೆ ಮುಖ್ಯ ಶಿಕ್ಷಕಿ ಇಳಿಯುವಾಗ ಹೇಳಿದ್ದರಂತೆ: "ನಿನ್ನ ಮೇಲೆ ಬೇಜಾರಿಲ್ಲಪ್ಪ. ಆದ್ರೆ ಜೀವ ಕೈಲಿ ಹಿಡ್ಕೊಂಡು ಓಡಾಡಕ್ಕಾಗಲ್ಲ. ಇನ್ನೊಂದ್ಸಲ ಟೈರ್ ಪ್ರಾಬ್ಲಂ ಅಂದ್ರೆ ಬೇರೆ ಗಾಡಿ ನೋಡ್ಕೋತೀವಿ."

ಅದನ್ನು ಹೇಳುವಾಗ ಅವನ ಮುಖ ಸಣ್ಣಗಾಗಿತ್ತು.

ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಟೈರಿನ ಒಳ ಅಂಚು ಸವೆಯುತ್ತದೆ. ಈ ವಾಲಿಕೆಗೆ ಕ್ಯಾಂಬರ್ ಎನ್ನುತ್ತೇವೆ. ಚಕ್ರದ ಮೂತಿ ನೇರ ಮುಂದಕ್ಕೆ ನೋಡದೆ ಒಳಕ್ಕೋ ಹೊರಕ್ಕೋ ತಿರುಗಿದ್ದರೆ ಅದು ಟೋ. ಈ ಗಾಡಿಯ ಹಿಂದಿನ ಚಕ್ರದ ಟೋ ಸರಿಮಾಡಲು ಕಂಪನಿಯವರೇ ಒಂದು ಬೋಲ್ಟ್ ಕೊಟ್ಟಿದ್ದಾರೆ, ಕ್ಯಾಂಬರ್‌ಗೆ ಏನೂ ಕೊಟ್ಟಿಲ್ಲ. ಏನೂ ಕೊಡದಿದ್ದರೆ ನಮ್ಮ ಕಡೆ ಮಾಡುವುದು ಒಂದೇ, ಹೈಡ್ರಾಲಿಕ್ ಜಾಕಿ ಕೊಟ್ಟು ಚಕ್ರ ಹಿಡಿದ ಕಬ್ಬಿಣವನ್ನೇ ಬಗ್ಗಿಸುವುದು. ಡ್ರೈವರನ ಊರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ಊರಿಗೆ ಹೋದಾಗಲೆಲ್ಲ ಕುಣಿಗಲ್ಲಿನ ಒಬ್ಬ ಮೇಸ್ತ್ರಿ ಹತ್ತಿರ ಬಗ್ಗಿಸಿಕೊಂಡು ಬರುತ್ತಿದ್ದ. ಆ ಮೇಸ್ತ್ರಿಯೇ ನನಗೂ ಈ ಕೆಲಸ ಕಲಿಸಿದವರು. ಅವರ ಕಣ್ಣಳತೆ ನನ್ನ ಕಂಪ್ಯೂಟರಿಗೆ ಸಮ, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಬಗ್ಗಿಸಿದ ಕಬ್ಬಿಣ ಗುಂಡಿ ರಸ್ತೆಯಲ್ಲಿ ಇನ್ನೂ ಸ್ವಲ್ಪ ಬಗ್ಗುತ್ತದೆ, ಎರಡು ಸಲ ಬಗ್ಗಿಸಿದ್ದು ಎಲ್ಲಿ ಬಿರುಕು ಬಿಡುತ್ತದೋ ಗೊತ್ತಾಗುವುದಿಲ್ಲ. ಆರು ಜನ ಕೂರುವ ಗಾಡಿಗೆ ಅದನ್ನು ಮಾಡಲು ನನಗೆ ಮನಸ್ಸು ಬರಲಿಲ್ಲ.

"ಇದಕ್ಕೆ ಅಡ್ಜಸ್ಟಬಲ್ ಆರ್ಮ್ ಕಿಟ್ ಬರುತ್ತೆ, ತರಿಸಿ ಹಾಕ್ತೀನಿ" ಎಂದೆ. ನನ್ನ ಬಾಯಿ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. "ಇನ್ಮೇಲೆ ನಿನ್ನ ಗಾಡಿ ಟೈರ್ ತಿಂದ್ರೆ ನನ್ನ ಅಂಗಡಿ ಬೋರ್ಡು ಇಳಿಸ್ತೀನಿ" ಎಂದೂ ಹೇಳಿಬಿಟ್ಟೆ.

ಕಿಟ್ ಬಂದ ದಿನ ಡ್ರೈವರ್ ಪೆಟ್ಟಿಗೆ ತೆಗೆದು ನೋಡಿ, "ಇಷ್ಟೇಯಾ?" ಎಂದ. ಅಷ್ಟೇ. ಹಿಂದಿನ ಚಕ್ರದ ಮೇಲ್ಭಾಗವನ್ನು ಹಿಡಿದಿರುವ ಆರ್ಮ್ ಎಂಬ ಕಬ್ಬಿಣದ ತೋಳು, ಎಡಕ್ಕೊಂದು ಬಲಕ್ಕೊಂದು. ಕಂಪನಿಯ ಆರ್ಮ್ ಒಂದೇ ಉದ್ದದ್ದು. ಇದರ ನಡುವೆ ತಿರುಪು ಇರುತ್ತದೆ, ಎರಡೂ ತುದಿಗೆ ಲಾಕ್ ನಟ್. ತಿರುಪನ್ನು ಒಂದು ಕಡೆ ತಿರುಗಿಸಿದರೆ ಆರ್ಮ್ ಉದ್ದವಾಗಿ ಚಕ್ರದ ತಲೆಯನ್ನು ಹೊರಕ್ಕೆ ದೂಡುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಒಳಕ್ಕೆ ಎಳೆಯುತ್ತದೆ. ಬಗ್ಗಿಸುವ ಮಾತೇ ಇಲ್ಲ, ಬೇಡವೆಂದರೆ ಮತ್ತೆ ಹಿಂದಕ್ಕೂ ತರಬಹುದು.

ಹಳೆ ಬೋಲ್ಟುಗಳು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಬೆಂಕಿ ಹಿಡಿದು ಕಾಯಿಸಿದರೆ ಪಕ್ಕದ ರಬ್ಬರ್ ಬುಷ್ ಸುಟ್ಟುಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಕಾದು, ಮತ್ತೆ ಹೊಡೆದು, ಉದ್ದನೆಯ ಪೈಪು ಹಾಕಿ ಎಳೆದು ಬಿಚ್ಚುವಷ್ಟರಲ್ಲಿ ಅರ್ಧ ದಿನ ಹೋಯಿತು. ಹೊಸ ಆರ್ಮ್ ಕೂರಿಸಿ, ಚಕ್ರ ಗಾಳಿಯಲ್ಲಿ ನೇತಾಡುವಾಗ ಬುಷ್ ಬೋಲ್ಟುಗಳನ್ನು ಬಿಗಿ ಮಾಡದೆ ಬಿಟ್ಟೆ. ಆತುರಕ್ಕೆ ಆಗಲೇ ಬಿಗಿ ಮಾಡಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿದುಹೋಗುತ್ತದೆ. ಚಕ್ರ ನೆಲಕ್ಕೆ ತಾಗಿ ಭಾರ ಬಿದ್ದ ಮೇಲೆ ಬಿಗಿ ಮಾಡಿದೆ.

ಮೊದಲು ಎಡ ಹಿಂದಿನ ಕ್ಯಾಂಬರ್ ಮೈನಸ್ ಎರಡು ಡಿಗ್ರಿಯ ಹತ್ತಿರ ಇತ್ತು, ಬಲದ್ದೂ ಹೆಚ್ಚುಕಡಿಮೆ ಅಷ್ಟೇ. ಮೈನಸ್ ಎಂದರೆ ಒಳವಾಲು, ಅರವತ್ತು ಮಿನಿಟ್ ಸೇರಿದರೆ ಒಂದು ಡಿಗ್ರಿ. ಎರಡನ್ನೂ ಮೈನಸ್ ಐವತ್ತು ಮಿನಿಟ್‌ಗೆ ತಂದೆ. ಟೋ ನೇರ ಮಾಡಿದೆ. ಪರದೆಯ ಮೇಲಿನ ಅಂಕಿಗಳೆಲ್ಲ ಹಸಿರಾದವು. ಲಾಕ್ ನಟ್ ಬಿಗಿದು, ಮುಂದೆ ಅಲ್ಲಾಡಿದರೆ ತಿಳಿಯಲಿ ಎಂದು ನಟ್ ಮೇಲೆ ಬಿಳಿ ಬಣ್ಣದ ಗೆರೆ ಎಳೆದೆ. ಹೊಸ ಟೈರು ಹಾಕಿಸಿ, ಆ ಹಸಿರು ಅಂಕಿಗಳ ಶೀಟು ಪ್ರಿಂಟ್ ಹಾಕಿ ಕೈಗೆ ಕೊಟ್ಟೆ. ಅವನು ಶೀಟನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದ. ಅವತ್ತು ಮನೆಗೆ ಹೋಗಿ ನನ್ನ ಗಂಡನಿಗೆ ಈ ಕೆಲಸದ ವರ್ಣನೆಯನ್ನು ಎರಡೆರಡು ಸಲ ಕೇಳಿಸಿದೆ.

ಮೂರು ವಾರವಾದ ಮೇಲೆ ಅವನು ಮತ್ತೆ ಬಂದ. ಗಾಡಿ ಮತ್ತೆ ಫಳಫಳ, ಮತ್ತೆ ಖಾಲಿ. ನಾನು ಗೇಜಿನಿಂದ ಟೈರಿನ ಗೀರುಗಳ ಆಳ ಅಳೆದೆ. ಒಳ ಅಂಚು ಹೊರ ಅಂಚಿಗಿಂತ ಆಗಲೇ ಒಂದು ಮಿಲಿಮೀಟರ್ ಕಡಿಮೆ. ನಂಬದೆ ಇನ್ನೊಂದು ಚಕ್ರಕ್ಕೆ ಹೋದೆ. ಅಲ್ಲೂ ಅದೇ.

"ಅಕ್ಕ, ತಪ್ಪು ತಿಳ್ಕಬ್ಯಾಡ. ನಿನ್ನೆ ಕುಣಿಗಲ್ ಮೇಸ್ತ್ರಿಗೆ ಫೋನ್ ಮಾಡಿದ್ದೆ. ಕಿಟ್ ಬಿಚ್ಚಾಕ್ಸು, ನಾನು ಬಗ್ಗುಸ್ಕೊಡ್ತೀನಿ ಅಂದವ್ರೆ."

ನನಗೆ ರೇಗಿತು. ಅವನ ಮೇಲೆ ರೇಗುವುದು ನ್ಯಾಯವಲ್ಲ ಎಂದು ಗೊತ್ತಿದ್ದೂ ರೇಗಿದೆ. "ಒಂದು ವಾರ ಸುಮ್ನಿರ್ತೀಯಾ? ಬಿಚ್ಚೋದೇ ಆದ್ರೆ ನಾನೇ ಬಿಚ್ಚಿ ಕೊಡ್ತೀನಿ."

ಬಿಳಿ ಗೆರೆ ಒಂದು ಕೂದಲೂ ಸರಿದಿರಲಿಲ್ಲ. ಚಕ್ರಗಳಿಗೆ ಕಂಪ್ಯೂಟರಿನ ಸೆನ್ಸರ್ ಕಟ್ಟಿದೆ. ಅಂಕಿಗಳು ನಾನು ಬಿಟ್ಟಿದ್ದ ಹಾಗೆಯೇ, ಎಲ್ಲ ಹಸಿರು. ಯಂತ್ರವೇ ಸುಳ್ಳು ಹೇಳುತ್ತಿರಬಹುದು ಎಂದು ಎಡದ ಸೆನ್ಸರ್ ಬಲಕ್ಕೆ, ಬಲದ್ದು ಎಡಕ್ಕೆ ಕಟ್ಟಿ ನೋಡಿದೆ. ನೀರು ತುಂಬಿದ ಸಣ್ಣ ಪೈಪು ಹಿಡಿದು ಕಟ್ಟೆಗಳ ಮಟ್ಟ ನೋಡಿದೆ. ಸ್ಪ್ರಿಂಗ್ ಮುರಿದಿದೆಯೇ, ಬುಷ್ ಹರಿದಿದೆಯೇ, ಬೇರಿಂಗ್ ಆಡುತ್ತಿದೆಯೇ ಎಂದು ಒಂದೊಂದನ್ನೂ ಕೈಯಿಂದ ಅಲ್ಲಾಡಿಸಿ ನೋಡಿದೆ. ಎಲ್ಲವೂ ಸರಿ ಇತ್ತು. ಎಲ್ಲವೂ ಸರಿ ಇದ್ದೂ ಟೈರು ಸವೆಯುತ್ತಿದೆ ಎಂದರೆ ನನಗೆ ಏನೋ ಕಾಣುತ್ತಿಲ್ಲ ಎಂದೇ ಅರ್ಥ. ಅದು ನನಗೆ ಬಹಳ ಅವಮಾನ ಎನಿಸಿತು.

ಮಧ್ಯಾಹ್ನ ಮೇಸ್ತ್ರಿಯ ಫೋನ್ ಬಂತು. "ಏನವ್ವಾ, ತಿರುಪಿನ ಆರ್ಮು ಏನಂತೈತೆ?"

"ಕೈ ಕೊಟ್ಟೈತೆ ಮೇಸ್ತ್ರಿ."

"ಆರ್ಮು ಕೈ ಕೊಡಾಕಿಲ್ಲ ಕಣವ್ವ, ಅದುಕ್ಕೇನ್ ಗೊತ್ತಾಯ್ತದೆ. ಗಾಡಿ ನಿಂತಿರೋದ ನೋಡ್ತಾ ಇದೀಯೋ, ಓಡೋದ ನೋಡಿದೀಯೋ?" ಎಂದು ನಕ್ಕು ಇಟ್ಟರು.

ಚುಚ್ಚಲಿಕ್ಕೇ ಹೇಳಿದ ಮಾತು. ಆದರೂ ಮಾರನೆಯ ದಿನ ಬೆಳಗ್ಗೆ ಅಂಗಡಿ ತೆಗೆಯುವ ಮೊದಲೇ ಅಳತೆ ಟೇಪು ಹಿಡಿದು ಶಿಕ್ಷಕರು ಹತ್ತುವ ಜಾಗಕ್ಕೆ ಹೋಗಿ ನಿಂತೆ. ಗಾಡಿ ಬಂದು ನಿಂತ ಕೂಡಲೇ ಹಿಂದಿನ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದುಕೊಂಡೆ. ಆಮೇಲೆ ಅವರು ಹತ್ತಿದರು. ಅದರಲ್ಲೂ ಒಂದು ಕ್ರಮವಿತ್ತು, ಸರ್ವಿಸ್ ಲೆಕ್ಕದ ಕ್ರಮ. ಮುಂದೆ ಮುಖ್ಯ ಶಿಕ್ಷಕಿ. ನಡುವಿನ ಸಾಲಿನಲ್ಲಿ ಮೂರು ಜನ ಹಿರಿಯ ಮೇಡಮ್ಮುಗಳು. ಕೊನೇ ಸಾಲಿನಲ್ಲಿ ಸರ್ವಿಸ್ ಕಡಿಮೆ, ಗಾತ್ರ ಜಾಸ್ತಿ ಇದ್ದ ಇಬ್ಬರು, ಗಣಿತದ ಮೇಷ್ಟ್ರು ಮತ್ತು ಪಿ.ಟಿ. ಮೇಷ್ಟ್ರು. ಅವರ ಹಿಂದೆ ಊಟದ ಬ್ಯಾಗುಗಳು, ಉತ್ತರ ಪತ್ರಿಕೆಯ ಕಟ್ಟುಗಳು, ಬಿಸಿಯೂಟದ ಮೊಟ್ಟೆಯ ಟ್ರೇಗಳು. ಕೊನೆಯ ಇಬ್ಬರು ಕೂತಾಗ ಗಾಡಿಯ ಹಿಂಭಾಗ ನನ್ನ ಕಣ್ಣೆದುರೇ ಕುಸಿದು ಕೂತಿತು. ಮತ್ತೆ ಅಳೆದೆ. ಐದೂವರೆ ಸೆಂಟಿಮೀಟರ್ ಇಳಿದಿತ್ತು. ಬಗ್ಗಿ ಹಿಂದಿನಿಂದ ನೋಡಿದರೆ ಎರಡೂ ಚಕ್ರಗಳ ತಲೆ ಒಳಕ್ಕೆ ವಾಲಿದ್ದು ಬರಿಗಣ್ಣಿಗೇ ಕಾಣುತ್ತಿತ್ತು.

ಇಂಥ ಗಾಡಿಯಲ್ಲಿ ಹಿಂದೆ ಭಾರ ಬಿದ್ದಷ್ಟೂ ಚಕ್ರ ಒಳಕ್ಕೆ ವಾಲುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಈ ಗಾಡಿ ಖಾಲಿ ಇರುವುದು ನನ್ನ ಗುಂಡಿಯ ಮೇಲೆ ಮಾತ್ರ, ಮಿಕ್ಕ ಹೊತ್ತೆಲ್ಲ ತುಂಬಿಕೊಂಡೇ ಓಡುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಮೇಸ್ತ್ರಿಗೂ ಹೊಳೆದಿರಲಿಲ್ಲ, ಅವರ ಹತ್ತಿರಕ್ಕೂ ಅವನು ಗಾಡಿ ತೊಳೆದು ಖಾಲಿ ಮಾಡಿಯೇ ಒಯ್ಯುತ್ತಿದ್ದ. ಅವನ ಮರ್ಯಾದೆಗೆ ನಾವಿಬ್ಬರೂ ಮೋಸ ಹೋಗಿದ್ದೆವು.

ಭಾರ ಇಟ್ಟು ಅಲೈನ್‌ಮೆಂಟ್ ಮಾಡುವುದು ಹೊಸದೇನಲ್ಲ, ಸೀಟಿನ ಮೇಲೆ ಮರಳಿನ ಚೀಲ ಇಡುತ್ತಾರೆ. ಅದಕ್ಕೆ ಯಾರ ತೂಕ ಎಷ್ಟು ಎಂದು ತಿಳಿಯಬೇಕು. ಡ್ರೈವರನ ಕೈಲಿ ಕೇಳಿಸಿದೆ. ನಡುವಿನ ಸಾಲಿನ ಮೂವರೂ ಐವತ್ತೈದು ಎಂದರಂತೆ. ಮುಖ್ಯ ಶಿಕ್ಷಕಿ ಅವನನ್ನು ಒಂದು ಸಲ ನೋಡಿದರಂತೆ, ಅವನು ಮತ್ತೆ ಕೇಳಲಿಲ್ಲ. ಈ ಲೆಕ್ಕ ನಂಬಿ ಚೀಲ ಇಟ್ಟರೆ ಇನ್ನೊಂದು ಜೊತೆ ಟೈರು ಹೋಗುವುದು ಖಂಡಿತ. ಹಾಗಾಗಿ ನಾನೇ ಮಾರನೆಯ ಬೆಳಗ್ಗೆ ಹೋಗಿ ಮುಖ್ಯ ಶಿಕ್ಷಕಿಯ ಕಿಟಕಿಯ ಬಳಿ ನಿಂತೆ.

"ಮೇಡಂ, ಶನಿವಾರ ಮಧ್ಯಾಹ್ನ ವಾಪಸ್ ಬರ್ತಾ ಎಲ್ಲರೂ ನಮ್ಮ ಅಂಗಡಿಗೆ ಬರ್ಬೇಕು. ಯಾರೂ ಇಳೀಬಾರ್ದು, ಹೀಗೇ ಕೂತಿರ್ಬೇಕು. ಒಂದು ಗಂಟೆ ಸಾಕು."

"ನಾವ್ಯಾಕಮ್ಮ? ರಿಪೇರಿ ಗಾಡಿದಲ್ವಾ?"

"ಗಾಡಿ ಸರಿ ಇದೆ ಮೇಡಂ. ನೀವು ಕೂತಾಗ ಅದು ಹೆಂಗಿರುತ್ತೆ ಅಂತ ನಾನು ನೋಡಿಲ್ಲ. ತಪ್ಪು ನಂದು." ತಪ್ಪು ನಂದು ಎಂಬ ಮಾತು ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬರುವುದಿಲ್ಲ. ಅವರಿಗೂ ಅದು ತಿಳಿಯಿತೋ ಏನೋ, "ಸರಿ, ಬರ್ತೀವಿ. ಇದೇ ಕೊನೆ ಸಲ" ಎಂದರು.

ಶನಿವಾರ ಒಂದು ಗಂಟೆಗೆ ಗಾಡಿ ಆರು ಜನರ ಸಮೇತ ಗುಂಡಿಯ ಮೇಲೆ ಬಂದು ನಿಂತಿತು. ಒಳ ಅಂಚು ಸವೆದಿದ್ದ ಟೈರುಗಳನ್ನು ಹಿಂದಿನ ಸಂಜೆಯೇ ಮುಂದಿನ ಚಕ್ರಗಳಿಗೆ ಹಾಕಿ, ಸಮನಾಗಿದ್ದ ಮುಂದಿನವನ್ನು ಹಿಂದಕ್ಕೆ ತಂದಿದ್ದೆ. ಮೊಟ್ಟೆಯ ಜಾಗದಲ್ಲಿ ಅಷ್ಟೇ ತೂಕದ ಮರಳು ಇಟ್ಟೆ. ಚಕ್ರಗಳು ಉರುಳದಂತೆ ಅಡ್ಡಗಟ್ಟೆ ಕೊಟ್ಟು, ಸೆನ್ಸರ್ ಕಟ್ಟಿ ಗುಂಡಿಗೆ ಇಳಿದೆ. ಅಲ್ಲಿಂದ ನನಗೆ ಪರದೆ ಕಾಣುವುದಿಲ್ಲ. ಪರದೆಯನ್ನು ಕೊನೇ ಸಾಲಿನ ಕಿಟಕಿಯ ಕಡೆ ತಿರುಗಿಸಿಟ್ಟು, ಅಂಕಿ ಓದಿ ಹೇಳುವ ಕೆಲಸ ಗಣಿತದ ಮೇಷ್ಟ್ರಿಗೆ ಒಪ್ಪಿಸಿದೆ.

"ಎಡ, ಮೈನಸ್ ಎರಡು ಡಿಗ್ರಿ ಹತ್ತು ಮಿನಿಟ್. ಕೆಂಪು" ಎಂದು ಪಾಠ ಹೇಳುವ ಧ್ವನಿಯಲ್ಲಿ ಕೂಗಿದರು. "ಬಲ, ಮೈನಸ್ ಎರಡು ಡಿಗ್ರಿ ಐದು. ಇದೂ ಕೆಂಪು."

ಖಾಲಿ ಇದ್ದಾಗ ಐವತ್ತು ಮಿನಿಟ್, ತುಂಬಿದಾಗ ಎರಡು ಡಿಗ್ರಿಯ ಮೇಲೆ. ಟೋ ಕೂಡ ಹೊರಕ್ಕೆ ಬಾಯಿ ಬಿಟ್ಟಿತ್ತು. ಟೈರು ತಿನ್ನದೆ ಇನ್ನೇನು ಮಾಡೀತು! ಗುಂಡಿಯಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಮೇಲಿನಿಂದ ಯಾರೋ, "ಏನಾಯ್ತಮ್ಮ, ಸಿಕ್ತಾ?" ಎಂದರು. "ಸಿಕ್ತು, ಅಲ್ಲಾಡ್ಬೇಡಿ" ಎಂದೆ.

ಲಾಕ್ ನಟ್ ಸಡಿಲಿಸಿ ತಿರುಪಿಗೆ ಸ್ಪ್ಯಾನರ್ ಕೊಟ್ಟೆ. ತಲೆಯ ಮೇಲೆ ಏಳು ಜನರ ಭಾರ, ತಿರುಪು ಸುಲಭವಾಗಿ ತಿರುಗಲಿಲ್ಲ. ಕಾಲು ಸುತ್ತು ತಿರುಗಿಸುವುದು, ಡ್ರೈವರನಿಗೆ ಹೇಳಿ ಗಾಡಿಯನ್ನು ನಿಧಾನಕ್ಕೆ ಒಂದು ಅಡಿ ಹಿಂದೆ ಮುಂದೆ ಉರುಳಿಸುವುದು, ಟೈರಿನ ಬಿಗುವು ಬಿಟ್ಟ ಮೇಲೆ ಮತ್ತೆ ಅಡ್ಡಗಟ್ಟೆ ಕೊಟ್ಟು ಅಂಕಿ ಕೇಳುವುದು. "ಒಂದು ಡಿಗ್ರಿ ನಲವತ್ತು... ಒಂದು ಮೂವತ್ತೈದು... ಪಿ.ಟಿ. ಸರ್, ಆಕಡೆ ವಾಲ್ಬೇಡಿ, ಅಂಕಿ ಓಡ್ತಾ ಇದೆ." ನಡುವಿನ ಸಾಲಿನ ಒಬ್ಬ ಮೇಡಂ, "ಹಸಿವಾಗ್ತಿದೆ, ಇಡ್ಲಿ ತರಿಸ್ಲಾ?" ಎಂದರೆ, "ಕೆಲ್ಸ ಆಗೋವರ್ಗೂ ಯಾರೂ ಏನೂ ತಿನ್ನಂಗಿಲ್ಲ" ಎಂದು ಮುಖ್ಯ ಶಿಕ್ಷಕಿಯೇ ಗದರಿದರು. ಎರಡೂ ಕಡೆ ಮೈನಸ್ ಒಂದು ಡಿಗ್ರಿ ಹತ್ತು ಮಿನಿಟ್‌ಗೆ ತಂದು, ಟೋ ಸರಿಮಾಡಿ, ನಟ್ ಬಿಗಿದೆ. ಹಸಿರು ಬಂತೆಂದು ಗಣಿತದ ಮೇಷ್ಟ್ರು ಘೋಷಿಸಿದರು. ಎಲ್ಲರೂ ಇಳಿದರು.

ಇಳಿದ ಕೂಡಲೇ ಗಾಡಿ ಮೇಲೆದ್ದು ಅಂಕಿ ಕೆಂಪಾಯಿತು, ಪ್ಲಸ್ ಹತ್ತು ಮಿನಿಟ್. ಇದು ಹೀಗೇ ಆಗುವುದೆಂದು ನನಗೆ ಗೊತ್ತಿತ್ತು. ಆದರೂ ಕೈ ತಡೆಯಿತು. ಕೆಂಪು ಅಂಕಿ ಇರುವ ಶೀಟು ನನ್ನ ಅಂಗಡಿಯಿಂದ ಒಂದೂ ಆಚೆ ಹೋಗಿಲ್ಲ. ನಾಳೆ ಇನ್ನೊಂದು ಅಂಗಡಿಯವರು ಈ ಗಾಡಿಯನ್ನು ಖಾಲಿ ನಿಲ್ಲಿಸಿ ನೋಡಿದರೆ, ಆ ಹೆಂಗಸಿಗೆ ಕೆಲಸವೇ ಬರುವುದಿಲ್ಲ ಎಂದು ಹೇಳಲು ಕಾಗದದಲ್ಲೇ ಸಾಕ್ಷಿ ಇರುತ್ತದೆ. ಖಾಲಿಗೂ ಸ್ವಲ್ಪ, ಭಾರಕ್ಕೂ ಸ್ವಲ್ಪ ಎಂದು ನಡುವೆ ಬಿಡಬಹುದಿತ್ತು. ಶೀಟು ಹಸಿರಾಗುತ್ತಿತ್ತು, ಟೈರು ಮತ್ತೆ ಒಳಗಿನಿಂದ ಸವೆಯುತ್ತಿತ್ತು. ಗಾಡಿಯನ್ನು ಖಾಲಿಯಾಗಿಯೇ ಹೈವೇಯಲ್ಲಿ ಓಡಿಸಿಕೊಂಡು ಬಂದೆ. ಬ್ರೇಕ್ ಹಿಡಿದು ನೋಡಿದೆ, ತಿರುವಿನಲ್ಲಿ ನೋಡಿದೆ, ಎಲ್ಲೂ ಎಳೆಯಲಿಲ್ಲ, ಹಿಂಭಾಗ ಆಡಲಿಲ್ಲ. ಬಂದು ಕೆಂಪು ಶೀಟನ್ನೇ ಪ್ರಿಂಟ್ ಹಾಕಿದೆ.

ಮುಖ್ಯ ಶಿಕ್ಷಕಿ ಅದನ್ನು ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿದರು. "ಕೆಂಪಲ್ಲಿ ಬಂದಿದ್ಯಲ್ಲಮ್ಮ. ಇದು ಫೇಲ್ ತಾನೆ?"

"ಖಾಲಿ ಗಾಡಿಗೆ ಫೇಲ್ ಮೇಡಂ. ನೀವು ಖಾಲಿ ಗಾಡೀಲಿ ಹೋಗಲ್ವಲ್ಲ."

"ಇದರ ಮೇಲೆ ಬರೆದು ಸೈನ್ ಹಾಕ್ತೀರಾ?"

ಜನ ತುಂಬಿದಾಗಿನ ಅಂಕಿಗೆ ಬೇಕೆಂದೇ ಹೀಗೆ ಮಾಡಿದ್ದೇನೆ ಎಂದು ಬರೆದು, ಸೈನ್ ಹಾಕಿ, ಅಂಗಡಿಯ ಸೀಲು ಒತ್ತಿದೆ. ಡ್ರೈವರ್ ನಮ್ಮಿಬ್ಬರ ಮುಖವನ್ನೇ ನೋಡುತ್ತಿದ್ದ. ಹೊರಡುವಾಗ, "ಕಿಟ್ ಬಿಚ್ಚಬ್ಯಾಡ ಅಲ್ವಾಕ್ಕ?" ಎಂದ. "ಬಿಚ್ಚಿದ್ರೆ ನಿನ್ನ ಸುಮ್ನೆ ಬಿಡಲ್ಲ" ಎಂದೆ.

ಆಮೇಲಿನ ತಿಂಗಳುಗಳಲ್ಲಿ ಅವನು ಬರಲಿಲ್ಲ. ಬರದಿರುವುದು ಒಳ್ಳೆಯದೋ ಕೆಟ್ಟದೋ ತಿಳಿಯದೆ ಒದ್ದಾಡಿದೆ. ಫೋನ್ ಮಾಡಿ ಕೇಳಲು ಮಾತ್ರ ನನ್ನ ಜಂಬ ಬಿಡಲಿಲ್ಲ. ಗುಬ್ಬಿ ಕಡೆಯ ಗಾಡಿ ಯಾವುದು ಬಂದರೂ ಅವನ ಸುದ್ದಿ ಇದೆಯೇ ಎಂದು ಸುತ್ತಿ ಬಳಸಿ ಕೇಳುತ್ತಿದ್ದೆ.

ವಾರ್ಷಿಕ ಪರೀಕ್ಷೆ ಮುಗಿದು ಬೇಸಿಗೆ ರಜೆಗೆ ಶಾಲೆ ಮುಚ್ಚಿದ ದಿನ, ಮಧ್ಯಾಹ್ನ, ಗಾಡಿ ಬಂದು ಸೀದಾ ಗುಂಡಿಯ ಮೇಲೆ ನಿಂತಿತು. ತೊಳೆದಿರಲಿಲ್ಲ. ಬಾಗಿಲಿಗೆಲ್ಲ ಕೆಮ್ಮಣ್ಣು ಮೆತ್ತಿತ್ತು. ಆರು ಜನವೂ ಅವರವರ ಸೀಟಿನಲ್ಲೇ ಇದ್ದರು, ಒಬ್ಬರೂ ಇಳಿಯಲಿಲ್ಲ.

ನಾನು ಗೇಜು ಹಿಡಿದು ಇಳಿದೆ. ಎಡ ಟೈರಿನ ಒಳ ಅಂಚು ಅಳೆದು ಅಂಕಿ ಕೂಗಿದೆ, ಐದು ಪಾಯಿಂಟ್ ಎಂಟು ಮಿಲಿಮೀಟರ್. ನಡುವೆ, ಐದು ಪಾಯಿಂಟ್ ಎಂಟು. ಹೊರಗೆ, ಐದು ಪಾಯಿಂಟ್ ಒಂಬತ್ತು. ಬಲಕ್ಕೆ ಹೋದೆ. ಮೂರೂ ಕಡೆ ಐದು ಪಾಯಿಂಟ್ ಎಂಟು. ಯಂತ್ರದ ಪರದೆಯಲ್ಲಿ ಎಷ್ಟೋ ಸಲ ಹಸಿರು ನೋಡಿ ಬೀಗಿದ್ದೇನೆ, ಆದರೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಕಣ್ಣು ಒರೆಸಿಕೊಂಡು ಮೇಲೆ ಬರಲು ಸ್ವಲ್ಪ ಹೊತ್ತು ಬೇಕಾಯಿತು.

ಬಂದಾಗ ಡ್ರೈವರ್ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ನೇರ ಮುಂದೆ ನೋಡುತ್ತಿದ್ದ. ಮುಖ್ಯ ಶಿಕ್ಷಕಿ ಕಿಟಕಿಯ ಗಾಜು ಇಳಿಸಿ ನನ್ನನ್ನು ನೋಡಿದರು. ಆಮೇಲೆ ಅವನ ಕಡೆ ತಿರುಗಿದರು.

"ಶಾಲೆ ಶುರುವಾಗೋ ದಿನ ಏಳೂ ಮುಕ್ಕಾಲಿಗೆ ಬಂದ್ಬಿಡಪ್ಪ. ಎಲ್ಲರೂ ನಿಂತಿರ್ತೀವಿ."